ಕೋಟು ಬದಲಿಸುವಷ್ಟು ಹೊತ್ತು

ಭಾವ ಕೋಟು ಬದಲಿಸುವಷ್ಟು ಹೊತ್ತು ಅಕ್ಕ ಮಾತಾಡಬೇಕು. ಆ ನಾಟಕದಲ್ಲಿ ಅವಳಿಗಿದ್ದ ಕೆಲಸ ಅಷ್ಟೇ.

ನಾಟಕ ಬರೆದವರು ಭಾವ, ಆಡಿಸಿದವರು ಭಾವ, ಮುಖ್ಯ ಪಾತ್ರವೂ ಭಾವನದೇ. ಅವರು ನ್ಯಾಯಾಧೀಶರು. ಮೊದಲ ಭಾಗದಲ್ಲಿ ಮನೆಯಲ್ಲಿ ತೊಡುವ ಬೂದು ಕೋಟು, ಕೊನೆಯ ದೃಶ್ಯದಲ್ಲಿ ತೀರ್ಪು ಹೇಳುವ ಕಪ್ಪು ಕೋಟು. ಕಪ್ಪು ಕೋಟನ್ನು ಹೊಲಿದದ್ದು ನಮ್ಮ ಅಮ್ಮ. ಅದಕ್ಕೆ ಕತ್ತಿನಿಂದ ಹೊಟ್ಟೆಯವರೆಗೆ ಒತ್ತೊತ್ತಾಗಿ ಗುಂಡಿಗಳು, ಮೇಲೆ ಬೇರೆಯಾಗಿ ಸಿಕ್ಕಿಸುವ ಬಿಳಿ ಕಾಲರು. ಭಾವ ವೇದಿಕೆಯ ಒಂದು ಬದಿಗಿಟ್ಟ ಮರೆಯ ಹಿಂದೆ ಹೋಗಿ ಅಷ್ಟೂ ಗುಂಡಿ ಹಾಕಿಕೊಂಡು ಬರುವವರೆಗೆ ಪ್ರೇಕ್ಷಕರು ಕೆಮ್ಮುತ್ತಾ ಕೂರಬಾರದಲ್ಲ? ಅದಕ್ಕೆ ನ್ಯಾಯಾಧೀಶರ ಹೆಂಡತಿ ಮೂಲೆಯಲ್ಲಿ, ಮೋಟು ಮೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಆ ಕಾಲರಿಗೆ ಇಸ್ತ್ರಿ ಹಾಕುತ್ತಾ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಾಳೆ. ಆ ಹೆಂಡತಿ ನನ್ನ ಅಕ್ಕ. ಮನೆಯಲ್ಲೂ ಅವರ ಹೆಂಡತಿ ಅವಳೇ, ಇಸ್ತ್ರಿ ಹಾಕುವವಳೂ ಅವಳೇ. ಪಾತ್ರ ಹಂಚುವಾಗ ಭಾವ ಹೆಚ್ಚೇನೂ ತಲೆ ಕೆಡಿಸಿಕೊಂಡಿರಲಿಲ್ಲ.

ನಾನು ಬೆಳಕಿನವಳು. ಸಭಾಂಗಣದ ಹಿಂದುಗಡೆ, ಎಲ್ಲ ಕುರ್ಚಿಗಳಿಗಿಂತ ಎತ್ತರದಲ್ಲಿ, ಗಾಜಿನ ಕಿಟಕಿಯ ಒಂದು ಇಕ್ಕಟ್ಟಿನ ಕೋಣೆ ಇದೆ. ಅಲ್ಲಿ ಲೈಟು ನಡೆಸುವ ಕನ್ಸೋಲು, ಅದರ ಎರಡು ಕಂಪ್ಯೂಟರ್ ಪರದೆ, ನಾನು, ಮತ್ತು ಇನ್ನೊಬ್ಬರು ಬಂದರೆ ನಿಂತೇ ಇರಬೇಕಾದಷ್ಟು ಜಾಗ. ದಿನವಿಡೀ ಗುಂಡಿ ಒತ್ತುತ್ತೇನೆಂದು ತಂಡದವರು ನನ್ನನ್ನು ಗುಂಡಿ ಎನ್ನುತ್ತಾರೆ. ಸಿಟ್ಟು ಬಂದಾಗ ಭಾವ ಆ ಹೆಸರಿಗೆ ಬೇರೆ ಅರ್ಥ ಹೇಳುತ್ತಾರೆ: ನಾನು ಅವರಿಗೆ ಗುಂಡಿ ತೋಡುವವಳಂತೆ.

ವೇದಿಕೆಯ ಮೇಲೆ ಕಬ್ಬಿಣದ ಅಡ್ಡಪಟ್ಟಿಗಳಿಗೆ ತೂಗುಹಾಕಿರುವ ನಮ್ಮ ಲೈಟುಗಳಿಗೆ ಕತ್ತಿದೆ. ಹೇಳಿದ ಕಡೆ ತಿರುಗುತ್ತವೆ, ಬಗ್ಗುತ್ತವೆ, ಬಣ್ಣ ಬದಲಿಸುತ್ತವೆ. ಯಾವ ಮಾತು ಬಂದಾಗ ಯಾವ ಲೈಟು ಯಾರನ್ನು ನೋಡಬೇಕು, ಎಷ್ಟು ಬೇಗ ತಿರುಗಬೇಕು, ಎಷ್ಟು ಪ್ರಖರವಾಗಬೇಕು ಎಂಬುದನ್ನೆಲ್ಲ ಮೊದಲೇ ಕನ್ಸೋಲಿಗೆ ಹೇಳಿಡಬೇಕು. ಅಂಥ ಒಂದೊಂದು ಹೇಳಿಕೆಯೂ ಒಂದು ಕ್ಯೂ. ಆಟ ನಡೆಯುವಾಗ ಸ್ಟೇಜ್ ಮ್ಯಾನೇಜರು ವೇದಿಕೆಯ ಪಕ್ಕದ ಪರದೆಯ ಮರೆಯಿಂದ ನನ್ನ ಹೆಡ್‌ಫೋನಿನಲ್ಲಿ ‘ಹೋಗಲಿ’ ಎನ್ನುತ್ತಾರೆ, ನಾನು ಒತ್ತುತ್ತೇನೆ. ಲೈಟುಗಳನ್ನು ನಾವು ಕರೆಯುವುದು ಅಂಕಿಯಿಂದ. ಆರು ಆಗಾಗ ಆರುತ್ತದೆ, ಹತ್ತು ಸರಿಯಾದ ಸಮಯಕ್ಕೆ ಹತ್ತುವುದಿಲ್ಲ, ಏಳು ಮಾತ್ರ ಯಾವಾಗ ಕರೆದರೂ ಏಳುತ್ತದೆ. ಹಾಗಾಗಿ ಭಾವ ತಮಗೆ ಏಳನ್ನೇ ಇಟ್ಟುಕೊಂಡಿದ್ದರು.

ನಮ್ಮ ಕಸುಬಿನಲ್ಲಿ ಒಂದು ಮರ್ಯಾದೆ ಇದೆ. ಲೈಟು ಜಾಗ ಬದಲಿಸುವುದು ಪ್ರೇಕ್ಷಕರ ಕಣ್ಣಿಗೆ ಬೀಳಬಾರದು. ಮೊದಲು ಆರಬೇಕು, ಕತ್ತಲಲ್ಲೇ ಕತ್ತು ತಿರುಗಿಸಿಕೊಂಡು ಹೊಸ ಜಾಗದಲ್ಲಿ ಕಾದು ನಿಲ್ಲಬೇಕು, ಆಮೇಲೆ ಬೆಳಗಬೇಕು. ಉರಿಯುತ್ತಲೇ ವೇದಿಕೆಯ ಉದ್ದಕ್ಕೂ ಓಡಿದರೆ ‘ಲೈಟು ಬೆತ್ತಲೆ ಓಡಿತು’ ಎಂದು ನಮ್ಮವರೇ ನಗುತ್ತಾರೆ. ಅದು ಕೆಲಸ ಕಲಿಯುತ್ತಿರುವವರು ಮಾಡುವ ತಪ್ಪು. ಜೊತೆಗೆ ಕನ್ಸೋಲಿನ ಒಂದು ಗುಣವನ್ನೂ ತಿಳಿದಿರಬೇಕು. ಅದು ಒಮ್ಮೆ ಹೇಳಿದ ಮಾತನ್ನು ಬಿಡುವುದಿಲ್ಲ. ಒಂದು ಲೈಟಿಗೆ ಬೆಳಗು ಅಂದರೆ, ಆರು ಅನ್ನುವವರೆಗೂ ಬೆಳಗುತ್ತಲೇ ಇರುತ್ತದೆ, ನಡುವೆ ಎಷ್ಟು ಕ್ಯೂ ಬಂದು ಹೋದರೂ ಸರಿ.

ಮೊದಲ ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಪರಿಚಯದವರನ್ನು ಕರೆದು ನಾಟಕವನ್ನು ಪೂರ್ತಿ ಆಡಿ ನೋಡಿದೆವು. ಅಂದು ಬೆಳಿಗ್ಗೆ ಭಾವ ಒಂದು ಕ್ಯೂ ಬೇಡವೆಂದರು, ತೆಗೆದುಹಾಕಿದೆ. ಏಳನೇ ಲೈಟಿಗೆ ‘ಆರು’ ಎಂದು ಹೇಳಿದ್ದು ಅದೇ ಕ್ಯೂನಲ್ಲಿ ಎಂಬುದು ನನಗೆ ಹೊಳೆಯಲಿಲ್ಲ.

ಭಾವ ಕುರ್ಚಿಯಿಂದ ಎದ್ದು ಮರೆಯ ಹಿಂದೆ ಹೋದರು. ಹೋಗಲಿ ಎಂದಿತು ಹೆಡ್‌ಫೋನು. ಒತ್ತಿದೆ. ವೇದಿಕೆಯ ಮೇಲೆ ಎಂದಿನ ಮಂಕು ನೀಲಿ ಹರಡಿತು, ಅಕ್ಕ ಎಂದಿನಂತೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಗೊಣಗತೊಡಗಿದಳು. ಏಳು ಮಾತ್ರ ಆರಲಿಲ್ಲ. ಖಾಲಿ ಕುರ್ಚಿಯನ್ನು ಬಿಟ್ಟು, ಉರಿಯುತ್ತಲೇ, ನೆಲ ಸವರಿಕೊಂಡು ಮರೆಯ ಕಡೆ ಹೊರಟಿತು. ಮೋಟರಿನ ಸದ್ದು ಕೇಳಿಸದಿರಲೆಂದು ಆ ಚಲನೆಯನ್ನು ನಾನು ಬಹಳ ನಿಧಾನ ಮಾಡಿಟ್ಟಿದ್ದೆ. ಸಭಾಂಗಣದ ತಲೆಗಳೆಲ್ಲ ಅದರ ಜೊತೆಗೇ ತಿರುಗಿದವು. ಏನೂ ತೋಚದೆ ತಡೆಯುವ ಗುಂಡಿ ಒತ್ತಿದೆ. ಲೈಟು ಅಲ್ಲೇ ನಿಂತಿತು. ನಿಂತದ್ದು ಅಕ್ಕನ ಮುಖದ ಮೇಲೆ.

ಅವಳು ತಲೆ ಎತ್ತಿದಳು. ಅಷ್ಟು ಬೆಳಕು ಮುಖಕ್ಕೆ ಬಡಿದರೆ ಯಾರಾದರೂ ಕಣ್ಣು ಕಿರಿದು ಮಾಡುತ್ತಾರೆ, ಅವಳು ಮಾಡಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಗೊಣಗುತ್ತಿದ್ದ ಮಾತನ್ನು ಮೊದಲಿಂದ, ಸ್ಪಷ್ಟವಾಗಿ, ಎದುರಿಗೆ ಕೂತವರಿಗೆ ಹೇಳಿದಳು.

“ಈ ಕಾಲರ್ ಮೆತ್ತಗಿದ್ರೆ ಇವರ ಕತ್ತು ನೆಟ್ಟಗೆ ನಿಲ್ಲಲ್ಲ. ಊರಿಗೆಲ್ಲ ತೀರ್ಪು ಹೇಳೋರು ಇವರು, ಇವರ ಕತ್ತಿಗೆ ಗಂಜಿ ಹಾಕೋಳು ನಾನು. ಇವತ್ತು ಇವರು ತಪ್ಪು ತೀರ್ಪು ಕೊಡ್ತಾರೆ. ನಂಗೊತ್ತು. ಇವರಿಗೂ ಗೊತ್ತು. ಆದ್ರೂ ಕಾಲರ್ ಮಾತ್ರ ಗರಿಗರಿ ಇರ್ಬೇಕು. ನನ್ನನ್ನ ಯಾರೂ ಕೇಳಿಲ್ಲ. ಕೇಳಿದ್ರೆ ಹೇಳ್ತಿದ್ದೆ.”

ಬರೆದವರು ಭಾವನೇ. ಹೊತ್ತು ತುಂಬಿಸಲು ಒಂದು ಸಂಜೆ ಗೀಚಿ, ಮತ್ತೆ ತಿರುಗಿ ನೋಡದೆ ಬಿಟ್ಟ ಮಾತುಗಳು. ಅಕ್ಕ ಮುಗಿಸಿದಾಗ ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ಸೇರಿಕೊಂಡರು. ಭಾವ ಕಪ್ಪು ಕೋಟು ತೊಟ್ಟು ಮರೆಯಿಂದ ಗಂಭೀರವಾಗಿ ಹೊರಬಂದರೆ, ಅವರಿಗಾಗಿ ಕಾಯಬೇಕಿದ್ದ ಬೆಳಕು ಅಲ್ಲಿರಲಿಲ್ಲ. ನೀಲಿ ಕತ್ತಲಲ್ಲಿ ನಿಂತು ಮೊದಲ ಸಾಲು ಹೇಳಿದರು. ಒಬ್ಬರೂ ಅತ್ತ ನೋಡಲಿಲ್ಲ.

ನಾಟಕ ಮುಗಿದದ್ದೇ ತಡ, ಭಾವ ಮೆಟ್ಟಿಲು ಹತ್ತಿ ಕೋಣೆಗೆ ಬಂದರು. ಮುಖದ ಬಣ್ಣ ಹಾಗೇ ಇತ್ತು.

“ಏನಿದು ಗುಂಡಿ?”

“ತಪ್ಪಾಯ್ತು ಭಾವ. ಬೆಳಿಗ್ಗೆ ಕ್ಯೂ ತೆಗೆದಾಗ ಆರಿಸೋದೂ ಅದರ ಜೊತೆ ಹೋಗಿಬಿಟ್ಟಿದೆ. ಈಗಲೇ ಸರಿ ಮಾಡ್ತೀನಿ.”

“ಮಾಡು. ಹಾಗೇ ಆ ನೀಲಿನೂ ತೆಗೆದುಬಿಡು.”

“ನೀಲಿ ತೆಗೆದ್ರೆ ಅಕ್ಕ ಕಾಣೋದೇ ಇಲ್ವಲ್ಲ?”

“ಕಾಣ್ಬೇಕಾಗಿಲ್ಲ. ಕೇಳಿಸಿದ್ರೆ ಸಾಕು.”

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ತಮಾಷೆಯ ಸುಳಿವೇ ಇರಲಿಲ್ಲ.

“ಹಂಗಾದ್ರೆ ಆ ಮಾತನ್ನೇ ತೆಗೆದುಬಿಡಿ ಭಾವ. ಕತ್ತಲಲ್ಲಿ ಯಾಕೆ ಮಾತಾಡಿಸ್ತೀರ?”

“ಮಾತು ತೆಗೆದ್ರೆ ನಾನು ಕೋಟು ಹಾಕ್ಕೊಳ್ಳೋದು ಯಾವಾಗ?”

ಅಷ್ಟು ಸಲೀಸಾಗಿ ಹೇಳಿದರು. ಧ್ವನಿ ಬೇಕು, ಮುಖ ಬೇಡ. ಗುಂಡಿ ಹಾಕಿಕೊಳ್ಳುವಷ್ಟು ಹೊತ್ತು ಹೆಂಡತಿ ಬೇಕು, ಆಮೇಲೆ ಬೇಡ.

“ನೋಡು,” ಎಂದು ಭಾವ ಧ್ವನಿ ತಗ್ಗಿಸಿದರು. ಪಾಠ ಹೇಳುವಾಗ ಅವರ ಧ್ವನಿ ಹೀಗೇ ಆಗುತ್ತದೆ. “ಜನರ ಕಣ್ಣೆಲ್ಲ ಅವಳ ಮೇಲೆ ಹೋದ್ರೆ ಕೊನೇ ತೀರ್ಪನ್ನ ಯಾರು ಕೇಳ್ತಾರೆ? ನಾಟಕ ನಿಂತಿರೋದೇ ಆ ತೀರ್ಪಿನ ಮೇಲೆ. ನಿಮ್ಮಕ್ಕನ ಮೇಲೆ ನಂಗೇನು ಹೊಟ್ಟೆಕಿಚ್ಚಾ?”

“ನಾನು ಹಂಗಂದಿಲ್ಲ ಭಾವ. ನೀವೇ ಅಂದ್ರಿ.”

ಅವರು ನನ್ನ ಕುರ್ಚಿಯ ಬೆನ್ನು ಹಿಡಿದರು. “ಈ ಕುರ್ಚಿಯಲ್ಲಿ ನಿನ್ನನ್ನ ಕೂರಿಸಿದ್ದು ಯಾರು ಅನ್ನೋದು ನೆನಪಿರಲಿ.”

ನೆನಪಿದೆ. ಕೂರಿಸಿದ್ದು ಅವರೇ. ಅಪ್ಪ ತೀರಿಕೊಂಡ ಮೇಲೆ ನಾನು ಏನೂ ಮಾಡದೆ ಗೋಡೆ ನೋಡುತ್ತಾ ಕೂತಿದ್ದಾಗ ಕರೆದುಕೊಂಡು ಬಂದು, ಇದು ಕಲಿ, ಕೈಗೆ ಕೆಲಸ ಕೊಟ್ಟರೆ ತಲೆ ಸುಮ್ಮನಿರುತ್ತದೆ ಎಂದಿದ್ದರು. ಕಲಿಸುವವರನ್ನು ಹುಡುಕಿಕೊಟ್ಟವರೂ ಅವರೇ. ಭಾವ ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಉಪಕಾರ ಮಾಡಿದವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕು ಎಂದು ಎಲ್ಲಿದೆ? ನಾನು ಕನ್ಸೋಲಿನ ಮೇಲಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

“ಆ ಕತ್ತಲೆ ನಾನು ಹಾಕಲ್ಲ.”

“ಥಿಯೇಟರಿನವರ ಹತ್ರ ಆಪರೇಟರ್ ಇದ್ದಾನೆ. ನೀನು ಹಾಕದಿದ್ರೆ ಅವನು ಹಾಕ್ತಾನೆ. ಯೋಚನೆ ಮಾಡಿ ಹೇಳು,” ಎಂದು ಭಾವ ಕೆಳಗಿಳಿದು ಹೋದರು.

ನಾನೂ ಧಡಧಡ ಇಳಿದು ವೇಷದ ಕೋಣೆಗೆ ಹೋದೆ. ಅಮ್ಮ ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು ಕಪ್ಪು ಕೋಟಿನ ತೋಳನ್ನು ಸರಿಮಾಡುತ್ತಿದ್ದಳು. ಅಕ್ಕ ಒದ್ದೆ ಬಟ್ಟೆಯಿಂದ ಕುತ್ತಿಗೆಯ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಭಾವ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ.

ಅಮ್ಮ ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡಳು. “ಒಂದೇ ಮನೇಲಿ ಇರೋರು ಕಣೇ ನಾವು. ಬೆಳಿಗ್ಗೆ ಎದ್ರೆ ಒಂದೇ ಮೇಜಿಗೆ ಕೂತು ತಿನ್ಬೇಕು. ಒಂದು ಲೈಟಿಗೋಸ್ಕರ ಮುಖ ಕೆಡಿಸ್ಕೊಳ್ತೀರಾ? ಹೊಂದ್ಕೊಂಡು ಹೋಗಿ.”

“ಮುಖಾನೇ ಬೇಡ ಅಂತಿದ್ದಾರಮ್ಮ, ಇನ್ನು ಕೆಡಿಸ್ಕೊಳ್ಳೋದೇನು?” ಎಂದೆ.

ಅಕ್ಕ ನಕ್ಕಳು. ಅವಳು ನಕ್ಕದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

“ಅವರು ಹೇಳಿದ್ದು ಹಾಕು,” ಎಂದಳು.

“ಏನಂದೆ?”

“ಕತ್ತಲೆ ತಾನೆ? ಹಾಕು. ನೀನು ಹಾಕದಿದ್ರೆ ಬೇರೆಯವರನ್ನ ಕೂರಿಸ್ತಾರೆ. ಬೇರೆಯವರಾದ್ರೆ ಅವರ ಮಾತು ಕೇಳ್ತಾರೆ.” ಬಟ್ಟೆಯನ್ನು ಮೇಜಿನ ಮೇಲೆ ಹಾಕಿ ನನ್ನ ಕಡೆ ತಿರುಗಿದಳು. “ನೀನು ಕೇಳಲ್ಲ. ನಂಗೊತ್ತು.”

ಅಮ್ಮ “ಅಯ್ಯೋ ದೇವರೇ” ಎಂದು ಪಿನ್ನುಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು.

“ಇವತ್ತು ಆ ಬೆಳಕು ಮುಖದ ಮೇಲೆ ಬಂತಲ್ಲ,” ಎಂದಳು ಅಕ್ಕ, “ನಾನು ಏನು ಹೇಳ್ತಿದ್ದೀನಿ ಅಂತ ನಂಗೇ ಮೊದಲ ಸಲ ಕೇಳಿಸ್ತು ಕಣೇ. ಇಷ್ಟು ದಿನ ಬರೀ ಅವರ ಗುಂಡಿಗೆ ತಕ್ಕಂಗೆ ಮಾತಾಡ್ತಿದ್ದೆ. ಅವರು ಎಷ್ಟನೇ ಗುಂಡಿ ಹಾಕ್ಕೊಂಡಿರ್ಬೋದು ಅಂತ ಲೆಕ್ಕ ಮಾಡ್ಕೊಂಡು ನಿಧಾನ ಮಾಡೋದು, ಬೇಗ ಮಾಡೋದು. ಇವತ್ತು ಅವರು ನೆನಪಿಗೇ ಬರ್ಲಿಲ್ಲ. ನಂಗೆ ಆ ಬೆಳಕು ಬೇಕು. ನಾಳೆನೂ ಬೇಕು, ಆಮೇಲೂ ಬೇಕು.”

ಅಕ್ಕ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಬೊಂಬೆ, ಬಣ್ಣದ ಪೆನ್ಸಿಲು, ಕಿಟಕಿ ಪಕ್ಕದ ಹಾಸಿಗೆ ಎಲ್ಲ ಬೇಕೆಂದು ಹಟ ಹಿಡಿದವಳು ನಾನು, ಬಿಟ್ಟುಕೊಟ್ಟವಳು ಅವಳು.

“ಸಿಗ್ಲಿಲ್ಲ ಅಂದ್ರೆ?” ಎಂದೆ.

“ಸಿಗ್ಲಿಲ್ಲ ಅಂದ್ರೆ ಇದೇ ಕೊನೆ. ಮತ್ತೆ ಸ್ಟೇಜ್ ಹತ್ತಲ್ಲ. ಕತ್ತಲಲ್ಲಿ ಕೂತು ಇಸ್ತ್ರಿ ಹಾಕೋದಕ್ಕೆ ನಂಗೆ ಮೇಕಪ್ ಯಾಕೆ?”

ನಾನು ಮೇಲೆ ಹೋಗಿ, ಯೋಚನೆ ಮಾಡಿದ್ದೇನೆ, ಬನ್ನಿ ಎಂದು ಭಾವನಿಗೆ ಹೇಳಿಕಳಿಸಿದೆ. ಅವರು ಬೆನ್ನ ಹಿಂದೆ ನಿಂತು ನೋಡುತ್ತಿರುವಾಗಲೇ ಎಲ್ಲವನ್ನೂ ಹಾಕಿದೆ. ಏಳು ಆರಬೇಕು, ಕತ್ತಲಲ್ಲಿ ಮರೆಯ ಕಡೆ ತಿರುಗಬೇಕು. ನೀಲಿ ಸೊನ್ನೆ. ಅಕ್ಕನ ಮೂಲೆ ಸೊನ್ನೆ. ರೆಕಾರ್ಡ್ ಗುಂಡಿ ಒತ್ತಿ, ಪರದೆಯ ಮೇಲೆ ಬಂದ ಸೊನ್ನೆಗಳನ್ನು ಅವರಿಗೆ ತೋರಿಸಿದೆ. ಭಾವ ನನ್ನ ಬೆನ್ನು ತಟ್ಟಿ, “ಜಾಣೆ” ಎಂದರು.

ಅವರು ಮೆಟ್ಟಿಲಿಳಿದು ಹೋಗುತ್ತಿರುವಾಗ ನನಗೆ ಒಂದು ವಿಷಯ ಥಟ್ಟನೆ ಹೊಳೆದು ನಗು ಬಂತು. ಆ ಕ್ಯೂ ಬರುವ ಹೊತ್ತಿಗೆ ನಾಳೆ ಭಾವ ಎಲ್ಲಿರುತ್ತಾರೆ? ಮರೆಯ ಹಿಂದೆ, ಕೋಟಿನ ತೋಳಿನೊಳಗೆ. ಬೆಳಕಿನಲ್ಲಿ ನಿಲ್ಲುವವರ ಕೈ ಕನ್ಸೋಲಿಗೆ ಎಟುಕುವುದಿಲ್ಲ.

ಮರುದಿನ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಪಕ್ಕದ ಪರದೆಯ ಮರೆಯಲ್ಲಿ ನಾಟಕದ ಪ್ರತಿ ಹಿಡಿದು ಕೂತ ಸ್ಟೇಜ್ ಮ್ಯಾನೇಜರು ವಯಸ್ಸಾದವರು. ಹೊತ್ತಿಗೆ ಸರಿಯಾಗಿ ಕೆಲಸ ಆಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನಾವೆಲ್ಲ ಅವರನ್ನು ಗಡಿಯಾರ ಮಾವ ಎನ್ನುತ್ತೇವೆ. ಅವರು ಒಂದೊಂದಾಗಿ ಹೋಗಲಿ ಹೋಗಲಿ ಎನ್ನುತ್ತಿದ್ದರು, ನಾನು ಒತ್ತುತ್ತಿದ್ದೆ. ಎಲ್ಲವೂ ಹೇಳಿಟ್ಟಂತೆಯೇ ನಡೆಯಿತು. ಭಾವ ಚೆನ್ನಾಗಿ ಆಡುತ್ತಿದ್ದರು. ಅದನ್ನು ಇಲ್ಲವೆನ್ನಲಾರೆ.

ಆ ಗಳಿಗೆ ಬಂತು. ಭಾವ ಎದ್ದು ಮರೆಯ ಹಿಂದೆ ಹೋದರು. ಹೋಗಲಿ. ಒತ್ತಿದೆ.

ಕತ್ತಲು. ಇಸ್ತ್ರಿ ಪೆಟ್ಟಿಗೆಯ ಕೆಂಪು ಚುಕ್ಕಿ ಬಿಟ್ಟರೆ ಏನೂ ಇಲ್ಲ. ಆ ಚುಕ್ಕಿಯ ಹತ್ತಿರದಿಂದ ಅಕ್ಕನ ಧ್ವನಿ ಬಂತು. “ಈ ಕಾಲರ್ ಮೆತ್ತಗಿದ್ರೆ ಇವರ ಕತ್ತು ನೆಟ್ಟಗೆ ನಿಲ್ಲಲ್ಲ.” ಮುಂದಿನ ಸಾಲಿನಲ್ಲಿ ಯಾರೋ ಚಾಕಲೇಟಿನ ಕಾಗದ ಬಿಚ್ಚುವ ಸದ್ದು, ಕುರ್ಚಿಗಳ ಕಿರಕಿರ. ಕತ್ತಲಾದರೆ ಜನ ಅದನ್ನು ವಿರಾಮ ಎಂದುಕೊಳ್ಳುತ್ತಾರೆ. ನನ್ನಕ್ಕ ಮಾತಾಡುತ್ತಿದ್ದಾಳೆ, ಇವರು ಚಾಕಲೇಟು ಬಿಚ್ಚುತ್ತಿದ್ದಾರೆ.

ಏಳು ಒತ್ತಿದೆ. ಪೂರ್ತಿ ಬೆಳಗಿಸಿದೆ.

ಕತ್ತಲಲ್ಲಿ ಮರೆಯ ಕಡೆ ತೆವಳುತ್ತಿದ್ದ ಲೈಟು ಇದ್ದಲ್ಲೇ, ಬರಿಯ ನೆಲದ ಮೇಲೆ ಬೆಳಗಿ ನಿಂತಿತು. ಒಂದು ಕೈಯಲ್ಲಿ ಅಡ್ಡ ತಿರುಗಿಸುವ ಚಕ್ರ, ಇನ್ನೊಂದು ಕೈಯಲ್ಲಿ ಮೇಲೆ ಕೆಳಗೆ ಬಗ್ಗಿಸುವ ಚಕ್ರ ಹಿಡಿದು ತಿರುಗಿಸಿದೆ. ಏಳನ್ನು ತಲೆಕೆಳಗಾಗಿ ತೂಗುಹಾಕಿರುವುದರಿಂದ ಚಕ್ರ ಬಲಕ್ಕೆ ತಿರುಗಿಸಿದರೆ ಬೆಳಕು ಎಡಕ್ಕೆ ಹೋಗುತ್ತದೆ. ಗಾಬರಿಯಲ್ಲಿ ಅದೂ ಮರೆತುಹೋಗಿ, ಬೆಳಕು ಸೀದಾ ಹೊರಹೋಗುವ ಬಾಗಿಲಿಗೆ ಹೋಯಿತು. ಜನರೂ ಬಾಗಿಲು ನೋಡಿದರು. ನಾಚಿಕೆಗೆ ಈಗ ಪುರುಸೊತ್ತಿರಲಿಲ್ಲ. ತಿರುಗಿಸಿ ತಂದೆ. ಬೆತ್ತಲೆ ಓಡಿಸಿಕೊಂಡೇ ತಂದೆ, ಎಲ್ಲರ ಕಣ್ಣೆದುರಿಗೆ, ಕುರ್ಚಿ ದಾಟಿಸಿ, ಮೇಜು ಹತ್ತಿಸಿ, ಅಕ್ಕನ ಮುಖಕ್ಕೆ. ನೋಡಲಿ. ಬೆಳಕು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಎಲ್ಲರೂ ನೋಡಲಿ.

ಚಾಕಲೇಟಿನ ಸದ್ದು ನಿಂತಿತು.

“ಊರಿಗೆಲ್ಲ ತೀರ್ಪು ಹೇಳೋರು ಇವರು,” ಎಂದಳು ಅಕ್ಕ, ಆ ಬೆಳಕು ಬರುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ.

ಮರೆಯ ಹಿಂದಿದ್ದವರಿಗೂ ಅದು ಕಾಣದೆ ಇರುತ್ತದೆಯೇ? ಕಪ್ಪು ಕೋಟು ಹೊರಗೆ ಬಂತು. ಒಂದು ತೋಳು ತೊಟ್ಟಿದ್ದರು, ಇನ್ನೊಂದು ಜೋತಾಡುತ್ತಿತ್ತು, ಗುಂಡಿಗಳೆಲ್ಲ ಬಿಚ್ಚಿಕೊಂಡಿದ್ದವು. ನಟ ಅಂದರೆ ನಟ, ಒಪ್ಪಬೇಕು. ಸ್ವಲ್ಪವೂ ಗಡಿಬಿಡಿ ಮಾಡದೆ, ನಾಟಕದಲ್ಲಿ ಇರುವುದೇ ಹೀಗೆ ಎಂಬಂತೆ ನಡೆದು ಬಂದು, ಅಕ್ಕನ ಮೇಜಿನ ಮುಂದೆ, ಅವಳಿಗೆ ಬೆನ್ನು ಹಾಕಿ, ಆ ಬೆಳಕಿನ ನಟ್ಟನಡುವೆ ನಿಂತರು. ನಿಧಾನವಾಗಿ ಎರಡನೆಯ ತೋಳು ತೂರಿಸಿಕೊಂಡು ಗುಂಡಿ ಹಾಕಿಕೊಳ್ಳತೊಡಗಿದರು. ಅಕ್ಕನ ಮುಖ ಅವರ ನೆರಳಿನಲ್ಲಿ ಮುಳುಗಿಹೋಯಿತು. ಬೆಳಕನ್ನು ಎತ್ತ ತಿರುಗಿಸಿದರೂ ನಡುವೆ ಅವರೇ.

ಹೆಡ್‌ಫೋನಿನಲ್ಲಿ ಗಡಿಯಾರ ಮಾವ ಕೇಳಿದರು: “ಏನಮ್ಮಾ ಇದು? ಯಾವುದದು ಉರೀತಿರೋದು?”

“ಏಳು,” ಎಂದೆ.

ಅಕ್ಕನ ಕಿವಿಯಲ್ಲಿ ಹೆಡ್‌ಫೋನು ಇರಲಿಲ್ಲ. ಆದರೂ ಅವಳು ಎದ್ದಳು.

ಆ ದೃಶ್ಯದಲ್ಲಿ ಅವಳು ಸ್ಟೂಲು ಬಿಟ್ಟು ಏಳುವಂತೆಯೇ ಇಲ್ಲ. ಎದ್ದಳು. ಇಸ್ತ್ರಿ ಹಾಕಿದ ಕಾಲರನ್ನು ಕೈಯಲ್ಲಿ ಹಿಡಿದುಕೊಂಡು ಭಾವನ ಪಕ್ಕದಿಂದ ಕತ್ತಲಿಗೆ ನಡೆದುಬಿಟ್ಟಳು. ನನಗೆ ಕಾಣಲಿಲ್ಲ. ಹೆಜ್ಜೆಯ ಸದ್ದು ಮುಂದಕ್ಕೆ ಬರುತ್ತಿತ್ತು, ಧ್ವನಿ ಬರುತ್ತಿತ್ತು. “ಇವತ್ತು ಇವರು ತಪ್ಪು ತೀರ್ಪು ಕೊಡ್ತಾರೆ.” ಧ್ವನಿಯನ್ನೇ ಹಿಡಿದು ಚಕ್ರ ತಿರುಗಿಸಿದೆ. ಬೆಳಕು ಭಾವನನ್ನು ಬಿಟ್ಟು ಹೊರಟಿತು, ತಡವರಿಸಿತು, ಅವಳ ಸೆರಗನ್ನು ಹಿಡಿಯಿತು, ಆಮೇಲೆ ಹೆಗಲನ್ನು, ಆಮೇಲೆ ಮುಖವನ್ನು. ವೇದಿಕೆಯ ತುದಿಗೆ ಬಂದು ನಿಂತಿದ್ದಳು. ಹಿಂದೆ ಭಾವ ಕತ್ತಲಲ್ಲಿ ಗುಂಡಿ ಹುಡುಕುತ್ತಿದ್ದರು.

ಅವರು ಬಿಡಲಿಲ್ಲ, ಬೆಳಕಿನ ಕಡೆ ಎರಡು ಹೆಜ್ಜೆ ಇಟ್ಟರು. ಅಕ್ಕ ಆಚೆಗೆ ಸರಿದಳು. ಬೆಳಕೂ ಸರಿಯಿತು. ಅವರು ಮತ್ತೆ ಬಂದರು, ಅವಳು ಮತ್ತೆ ನಡೆದಳು. ಸಭಾಂಗಣದಲ್ಲಿ ಯಾರೋ ಕಿಸಕ್ಕೆಂದರು. ಆಗ ಭಾವ ನಿಂತರು. ಅಲ್ಲಿಂದಾಚೆ ಅವರು ಅಲುಗಾಡಲಿಲ್ಲ.

“ಮುಂದಿನ ಕ್ಯೂ ಕೊಡ್ಲೋ ಬೇಡ್ವೋ?” ಎಂದಿತು ಹೆಡ್‌ಫೋನು.

“ಅಕ್ಕ ಮುಗಿಸ್ಲಿ ಮಾವ.”

ಮಾವ ಹೇಳಿದರು: “ಆಯ್ತು. ನಾನು ಪುಸ್ತಕ ನೋಡ್ತಾ ಇದ್ದೀನಿ. ಸ್ಟೇಜ್ ಮೇಲೆ ಏನಾಗ್ತಿದೆಯೋ ನಂಗೆ ಕಾಣಿಸ್ತಿಲ್ಲ.”

“ನನ್ನನ್ನ ಯಾರೂ ಕೇಳಿಲ್ಲ,” ಎಂದಳು ಅಕ್ಕ. “ಕೇಳಿದ್ರೆ ಹೇಳ್ತಿದ್ದೆ.” ಅಲ್ಲಿಗೆ ಅವಳ ಮಾತು ಮುಗಿಯಬೇಕು. ಅವಳು ಕಾಲರನ್ನು ಒಮ್ಮೆ ನೋಡಿದಳು, ಎದುರಿಗೆ ಕೂತವರನ್ನು ನೋಡಿದಳು. “ಇನ್ನು ಮೇಲೆ ಕೇಳದಿದ್ರೂ ಹೇಳ್ತೀನಿ.”

ಭಾವ ಬರೆಯದ ಸಾಲು ಅದು. ಚಪ್ಪಾಳೆ ನಿಲ್ಲುವವರೆಗೆ ಕಾದು, ಮಾವ ಮುಂದಿನ ಕ್ಯೂ ಕೊಟ್ಟರು. ಭಾವನಿಗೆ ಸಲ್ಲಬೇಕಾದ ಬೆಳಕನ್ನು ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡದೆ ಕೊಟ್ಟೆ. ಅವರು ಕಾಲರಿಲ್ಲದ ಕತ್ತಿನಲ್ಲೇ ತೀರ್ಪು ಹೇಳಿದರು. ಹಿಂದೆಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಪರದೆ ಬಿದ್ದ ಮೇಲೆ ನಾನು ಕೆಳಗಿಳಿದಾಗ ವೇಷದ ಕೋಣೆಯ ಬಾಗಿಲು ತೆರೆದೇ ಇತ್ತು. ಭಾವನ ಧ್ವನಿ ಓಣಿಯವರೆಗೆ ಕೇಳುತ್ತಿತ್ತು.

“ಎದ್ದು ಹೋಗು ಅಂತ ನಿಂಗೆ ಯಾರು ಹೇಳಿದ್ದು? ಲೈಟಿಗೋಸ್ಕರ ಸ್ಟೇಜ್ ತುಂಬ ಓಡಾಡ್ತೀಯಲ್ಲ, ನಾಚಿಕೆ ಆಗಲ್ವಾ?”

“ನಾನು ಲೈಟಿನ ಹಿಂದೆ ಹೋಗ್ಲಿಲ್ಲ ರೀ,” ಎಂದಳು ಅಕ್ಕ. “ನನ್ನ ಹಿಂದೆ ಲೈಟು ಬಂತು. ಲೈಟಿನ ಹಿಂದೆ ಬಂದೋರು ನೀವು.”

ಭಾವ ಬಾಗಿಲಲ್ಲಿ ನಿಂತ ನನ್ನನ್ನು ಕಂಡು ನನ್ನ ಮೇಲೆ ತಿರುಗಿಬಿದ್ದರು. “ಬಾ, ನೀನೇ ಬೇಕಾಗಿತ್ತು. ನನ್ನೆದುರಿಗೆ ಕತ್ತಲೆ ಹಾಕಿ, ಹಿಂದಿನಿಂದ ಬದಲಾಯಿಸ್ತೀಯಾ? ಈಗಲೇ ಮೇಲೆ ಹೋಗಿ ಆ ಕ್ಯೂ ಅಳಿಸು.”

“ಯಾವುದನ್ನ ಅಳಿಸ್ಲಿ ಭಾವ?”

“ಇವತ್ತು ಮಾಡಿದ್ಯಲ್ಲ, ಅದನ್ನ!”

“ಅಲ್ಲಿ ಅಳಿಸೋಕೆ ಏನೂ ಇಲ್ಲ. ನಾನು ಏನನ್ನೂ ಬದಲಾಯಿಸಿಲ್ಲ, ಬೇಕಾದ್ರೆ ಹೋಗಿ ನೋಡಿ. ಕನ್ಸೋಲಿನಲ್ಲಿ ಇನ್ನೂ ನೀವು ಹೇಳಿದ ಕತ್ತಲೆನೇ ಇದೆ, ಸೊನ್ನೆಗೆ ಸೊನ್ನೆ. ಇವತ್ತಿಂದು ನಾನು ಕೈಯಲ್ಲಿ ಮಾಡಿದ್ದು. ನಾಳೆನೂ ಕೈಯಲ್ಲೇ ಮಾಡ್ತೀನಿ. ನಾಡಿದ್ದೂ.”

ಭಾವ ನನ್ನ ಕೈಗಳನ್ನು ನೋಡಿದರು. “ನಾಳೆ ಆ ಕುರ್ಚಿಯಲ್ಲಿ ಥಿಯೇಟರಿನ ಆಪರೇಟರ್ ಕೂರ್ತಾನೆ.”

“ಕೂರ್ಲಿ,” ಎಂದಳು ಅಕ್ಕ, ನಾನು ಉತ್ತರ ಹೇಳುವ ಮೊದಲೇ. “ಕತ್ತಲೆಯಿದ್ರೆ ನಾನು ಬಾಯೇ ಬಿಡಲ್ಲ. ನೀವು ಕೋಟು ಹಾಕ್ಕೊಂಡು ಬನ್ನಿ. ಗುಂಡಿ ಹಾಕೋ ಸದ್ದನ್ನ ಜನ ಕೇಳ್ಲಿ. ಆಮೇಲೆ ನಿಮ್ಮ ತೀರ್ಪಿನ ಲೈಟು ಹತ್ಕೊಳ್ಳುತ್ತಲ್ಲ, ಅದರೊಳಗೆ ನಡ್ಕೊಂಡು ಬಂದು, ನಿಮ್ಮ ಪಕ್ಕದಲ್ಲೇ ನಿಂತು ಹೇಳ್ತೀನಿ.”

ಭಾವ ಅಮ್ಮನ ಕಡೆ ತಿರುಗಿದರು. ಮನೆಯಲ್ಲಿ ಯಾವ ಜಗಳವಾದರೂ ಕೊನೆಗೆ ಅಮ್ಮ ಅವರ ಪರವಾಗಿ ಒಂದು ಮಾತು ಆಡುವುದು ರೂಢಿ. ಅಮ್ಮ ಕೋಟಿಗೆ ಕೈ ಚಾಚಿ, ಬಾಯಿಂದ ಪಿನ್ನು ತೆಗೆದಳು.

“ಕೊಡಿ ಇಲ್ಲಿ. ಗುಂಡಿ ಜಾಸ್ತಿಯಾಯ್ತು ಅನ್ಸುತ್ತೆ. ಅರ್ಧ ಕಿತ್ತುಹಾಕ್ತೀನಿ. ಬೇಗ ಹಾಕ್ಕೊಂಡ್ರೆ ಅವಳು ಮಾತಾಡೋದನ್ನ ನೀವೂ ನಿಂತು ಕೇಳ್ಬೋದು.”

ಭಾವ ಕೋಟು ಬಿಚ್ಚಿ ಕೊಟ್ಟು ಹೊರಗೆ ಹೋದರು. ಮರುದಿನ ಬೆಳಿಗ್ಗೆ ನಾಲ್ವರೂ ಒಂದೇ ಮೇಜಿಗೆ ಕೂತು ತಿಂದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತಟ್ಟೆಗಳ ಸದ್ದು ಮಾತ್ರ ಜೋರಾಗಿತ್ತು. ಭಾವ ಥಿಯೇಟರಿನ ಆಪರೇಟರಿಗೆ ಫೋನು ಮಾಡುತ್ತಾರೇನೋ ಎಂದು ನಾನು ಕಾದೆ. ಮಾಡಲಿಲ್ಲ. ಬೆಳಕನ್ನು ಕೈಯಲ್ಲಿ ಮಾಡಬೇಡ ಎಂದೂ ಯಾರೂ ನನಗೆ ಹೇಳಲಿಲ್ಲ, ಮಾಡು ಎಂದೂ ಹೇಳಲಿಲ್ಲ. ಸಂಜೆ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ಆ ಕ್ಯೂ ಬಂತು. ಭಾವ ಮರೆಯ ಹಿಂದೆ ಹೋದರು, ವೇದಿಕೆ ಕತ್ತಲಾಯಿತು. ಈ ಸಲ ನಾನು ತಯಾರಾಗಿದ್ದೆ. ಅಕ್ಕ ಎದ್ದು ಬಲಕ್ಕೆ ಬರುತ್ತಾಳೆಂದು ಲೈಟನ್ನು ಅತ್ತ ಕಡೆಯೇ ತಂದು, ಬೆಳಗಿಸಿ, ಕಾದೆ. ಬೆಳಕಿನಲ್ಲಿ ಯಾರೂ ಇರಲಿಲ್ಲ. ಅವಳು ಎಡಕ್ಕೆ ಹೋಗಿದ್ದಳು. ನನಗೂ ಹೇಳದೆ. ಜನರೆಲ್ಲ ನೋಡುತ್ತಿರುವಾಗ ಬೆಳಕನ್ನು ಎತ್ತಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಯವರೆಗೆ ಅವಳನ್ನು ಹುಡುಕಿಕೊಂಡು ಹೋದೆ. ಸಿಕ್ಕಿದಳು. ನಗುತ್ತಿದ್ದಳು.